ಒಗ್ಗರಣೆ ನಿಂತ ದಿನಗಳು

ಹೋದ ತಿಂಗಳು ಮದ್ದೂರಿನ ನಮ್ಮ ಪಕ್ಕದ ಮನೆಯಿಂದ ಎರಡು ದಿನ ಒಗ್ಗರಣೆಯ ವಾಸನೆ ಬರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಗೂ ಅವರ ಅಡುಗೆಮನೆಯ ಕಿಟಕಿಗೂ ನಡುವೆ ಇರುವುದು ಒಂದು ಕಾಂಪೌಂಡು ಗೋಡೆ, ಒಂದು ಕರಿಬೇವಿನ ಗಿಡ. ಬೆಳಿಗ್ಗೆ ಹತ್ತೂವರೆಗೆ ಸಾಸಿವೆ ಸಿಡಿಯುವ ಸದ್ದು, ಹಿಂದೆಯೇ ಇಂಗು, ಅದರ ಹಿಂದೆ ಒಣಮೆಣಸಿನಕಾಯಿಯ ಘಾಟು. ಅದು ಬಂದರೆ ನಾನು ಅನ್ನಕ್ಕೆ ಇಡುತ್ತೇನೆ. ಮೂರನೆಯ ದಿನವೂ ಬರದೆ ಹೋದಾಗ ತಡೆಯಲಾಗದೆ ಹೋಗಿ ಕದ ತಟ್ಟಿದೆ. ಬಾಗಿಲು ತೆಗೆದಾಕೆಯ ಹಣೆ ನೋಡಿದೆ, ಮುಡಿ ನೋಡಿದೆ, ಅವರ ಭುಜದ ಮೇಲಿನಿಂದ ಕತ್ತು ಚಾಚಿ ದೇವರ ಮುಂದೆ ದೀಪ ಇದೆಯೇ ಎಂದು ನೋಡಿದೆ.

"ಏನ್ರೀ, ಏನಾದ್ರೂ ಬೇಕಿತ್ತಾ?"

"ಇಲ್ಲ, ಮನೇಲಿ ಎಲ್ಲಾ ಚೆನ್ನಾಗಿದ್ದೀರಾ ಅಂತ..."

"ಇವ್ರಿಗೆ ಕೊಲೆಸ್ಟ್ರಾಲ್ ಅಂತೆ ಕಣ್ರೀ. ಡಾಕ್ಟ್ರು ಎಣ್ಣೆ ಮುಟ್ಟಬೇಡಿ ಅಂದ್ರು. ಒಗ್ಗರಣೆನೇ ಬಿಟ್ಬಿಟ್ಟಿದ್ದೀವಿ."

ಒಂದು ಲೋಟ ಸಕ್ಕರೆ ಕೇಳಿಕೊಂಡು ಬಂದೆ. ನಮ್ಮ ಡಬ್ಬಿಯಲ್ಲಿ ಸಕ್ಕರೆ ತುಂಬಿತ್ತು.

ಈ ಚಾಳಿ ನನಗೆ ಅಂಟಿದ್ದು ಕೊರೋನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ, ಆತಗೂರಿನ ಹತ್ತಿರದ ನಮ್ಮ ಅತ್ತೆಯ ಊರಿನಲ್ಲಿ. ಅಲ್ಲಿಯವರೆಗೆ ನಾನು ಯಾರನ್ನೂ ಅನುಮಾನದಿಂದ ನೋಡಿದವಳಲ್ಲ. ಹಾಲಿಗೆ ನೀರು ಬೆರೆತಿದ್ದರೂ ಹಸುವಿಗೆ ಮೈ ಸರಿಯಿಲ್ಲವೇನೋ ಅನ್ನುತ್ತಿದ್ದವಳು.

ನಮ್ಮ ಯಜಮಾನರು ಕರೆಂಟು ಇಲಾಖೆಯಲ್ಲಿದ್ದಾರೆ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತರೂ ಅವರ ಕೆಲಸಕ್ಕೆ ಬಾಗಿಲಿಲ್ಲ. ಜೊತೆಯಲ್ಲಿ ಕಂಬ ಹತ್ತುತ್ತಿದ್ದ ಇಬ್ಬರಿಗೆ ಕಾಯಿಲೆ ಬಂದಾಗ ಇವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರಿಗೆ ತಂದುಬಿಟ್ಟರು. "ಅಲ್ಲಾದ್ರೆ ಗಾಳಿ ಬೆಳಕು ಚೆನ್ನಾಗಿದೆ, ನಾಲ್ಕು ಜನ ಇದ್ದಾರೆ" ಎಂದರು. ಬಂದ ಐದನೆಯ ದಿನಕ್ಕೆ ನನಗೇ ಜ್ವರ ಬಂತು. ಕಾಯಿಲೆಯನ್ನು ಮದ್ದೂರಿನಿಂದಲೇ ಹೊತ್ತು ತಂದಿದ್ದೆ.

ಅತ್ತೆ ಚಿಕ್ಕತಾಯಮ್ಮ ಗಲಾಟೆ ಮಾಡುವವರಲ್ಲ. ಬೀದಿಗೆ ಮುಖ ಮಾಡಿದ ಜಗಲಿಯ ಕೋಣೆಯಲ್ಲಿದ್ದ ಕಾಳಿನ ಮೂಟೆಗಳನ್ನು ಒಳಗೆ ಸಾಗಿಸಿ, ಮಂಚ ಹಾಕಿಸಿ, ಕೋಣೆಗೂ ನಡುಮನೆಗೂ ಇದ್ದ ಬಾಗಿಲಿಗೆ ಆ ಕಡೆಯಿಂದ ಚಿಲಕ ಹಾಕಿದರು. ಬಚ್ಚಲಿಗೆ ಹೋಗಲು ಹೊರಗಿನಿಂದಲೇ ದಾರಿ ಇತ್ತು. ಊಟ ಕಿಟಕಿಯ ಕಟ್ಟೆಯ ಮೇಲೆ ಬರುತ್ತಿತ್ತು. "ಸೈಲಾ, ತಟ್ಟೆ ಇಟ್ಟಿವ್ನಿ ನೋಡು" ಎಂದು ಕೂಗಿ, ನಾನು ಕಿಟಕಿಗೆ ಬರುವಷ್ಟರಲ್ಲಿ ಅತ್ತೆ ಹೊರಟುಹೋಗಿರುತ್ತಿದ್ದರು. ನನ್ನ ಹೆಸರು ಶೈಲಜ. ಮದುವೆಯಾದ ದಿನದಿಂದ ಅವರಿಗೆ ನಾನು ಸೈಲ.

ಅದೇ ವಾರ ಮಂಡ್ಯದಲ್ಲಿ ನನ್ನ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದರು. ಅಪ್ಪ ಹೋದ ಮೇಲೆ ಅಮ್ಮ ನನ್ನ ತಮ್ಮ ರವಿಯ ಜೊತೆ ಇದ್ದರು. ಸೇರಿಸಿದ ದಿನ ಸಂಜೆ ಅಮ್ಮನೇ ಫೋನು ಮಾಡಿದ್ದರು. "ಆಕ್ಸಿಜನ್ ಹಾಕಿದ್ದಾರೆ ಕಣೇ, ಮೂಗೆಲ್ಲ ಒಣಗಿ ಹೋಗಿದೆ" ಎಂದು ದೂರಿದರು. ಅದೇ ಕೊನೆ. ಆಮೇಲೆ ಅವರ ಫೋನು ಎತ್ತುವವರಿಲ್ಲ. ರವಿಗೆ ಮಾಡಿದರೆ ಒಂದೇ ಮಾತು: "ಅಮ್ಮ ಮಲಗಿದ್ದಾರೆ ಅಕ್ಕ." ಬೆಳಿಗ್ಗೆ ಮಾಡಿದರೂ ಮಲಗಿದ್ದಾರೆ, ಮಧ್ಯಾಹ್ನ ಮಾಡಿದರೂ ಮಲಗಿದ್ದಾರೆ. ವೀಡಿಯೋದಲ್ಲಿ ತೋರಿಸು ಎಂದರೆ, "ಅಲ್ಲಿ ವೀಡಿಯೋ ಮಾಡೋಕ್ಕಾಗಲ್ಲ" ಎಂದ. ಅವನು ಸುಳ್ಳು ಹೇಳುವಾಗ ಮಾತಿನ ಮುಂಚೆ ಸಣ್ಣದಾಗಿ ಕೆಮ್ಮುತ್ತಾನೆ. ಆ ಕೆಮ್ಮು ಕೇಳಿಸಿತು. ಆದರೆ ಆ ಕಾಲದಲ್ಲಿ ಯಾರ ಕೆಮ್ಮು ಸುಳ್ಳಿನದು, ಯಾರದು ಕಾಯಿಲೆಯದು ಎಂದು ಹೇಗೆ ಹೇಳುವುದು?

ನೇರವಾಗಿ ಕೇಳಬಹುದಿತ್ತಲ್ಲ ಎಂದು ಈಗ ಎಲ್ಲರೂ ಅನ್ನುತ್ತಾರೆ. ನಾನು ಮಂಡ್ಯದ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಳೆದವಳು. ಜೋರಾಗಿ ಮಾತಾಡಬಾರದು, ಒಮ್ಮೆ ಕೊಟ್ಟ ಉತ್ತರವನ್ನು ಮತ್ತೆ ಕೇಳಬಾರದು, ನೋಟ್‌ಬುಕ್ಕಿನ ಎಡಗಡೆ ಕೆಂಪು ಶಾಯಿಯಲ್ಲಿ ಮಾರ್ಜಿನ್ ಎಳೆಯದೆ ಬರೆಯಬಾರದು. ಸಿಸ್ಟರುಗಳು ಕಲಿಸಿದ ಈ ಮೂರೂ ನನ್ನ ಮೈಗೆ ಹತ್ತಿಬಿಟ್ಟಿವೆ. ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇತ್ತು. ಕೇಳಿದರೆ ಉತ್ತರ ಬಂದುಬಿಡುತ್ತದೆ. ಬಂದ ಉತ್ತರವನ್ನು ಇಟ್ಟುಕೊಂಡು ಆ ಹತ್ತಡಿ ಕೋಣೆಯಲ್ಲಿ ನಾನೊಬ್ಬಳೇ ಕೂರಬೇಕು.

ಮನೆಯಲ್ಲಿ ಪ್ರತ್ಯೇಕ ಇದ್ದ ರೋಗಿಗಳಿಗೆ ಜಿಲ್ಲಾ ಕೇಂದ್ರದಿಂದ ಒಬ್ಬ ಹುಡುಗಿ ಫೋನು ಮಾಡಿ ಮನಸ್ಸಿನ ಆರೋಗ್ಯ ವಿಚಾರಿಸುತ್ತಿದ್ದಳು. ಸಕ್ಕರೆಯಂಥ ದನಿ. "ನಿದ್ದೆ ಬರುತ್ತಾ ಮೇಡಂ? ಊಟ ಸೇರುತ್ತಾ? ಯಾರಾದರೂ ನಿಮ್ಮಿಂದ ಏನಾದರೂ ಮುಚ್ಚಿಡುತ್ತಿದ್ದಾರೆ ಅಂತ ಅನ್ನಿಸುತ್ತಾ?" ಎಂದಳು. ಎಲ್ಲರಿಗೂ ಓದಿ ಹೇಳುವ ಪಟ್ಟಿಯ ಪ್ರಶ್ನೆಯಿರಬೇಕು. ಇವಳಿಗೆ ಇದನ್ನು ಯಾರು ಹೇಳಿದರು?

"ಇಲ್ಲಮ್ಮ" ಎಂದೆ.

"ಹಾಗಾದ್ರೆ ಒಂದು ಕೆಲಸ ಮಾಡಿ ಮೇಡಂ. ದಿನಾ ಕಿಟಕಿಯಿಂದ ಏನೇನು ಕಾಣುತ್ತೋ, ಏನು ಕೇಳಿಸುತ್ತೋ, ಸಣ್ಣ ಸಣ್ಣದನ್ನ ಬರೆದಿಡಿ. ಮನಸ್ಸು ಹಗುರ ಆಗುತ್ತೆ."

ಕೋಣೆಯ ಗೂಡಿನಲ್ಲಿ ಯಾರೋ ಅರ್ಧ ಬರೆದು ಬಿಟ್ಟ ಶಾಲೆಯ ನೋಟ್‌ಬುಕ್ಕು ಇತ್ತು. ಮಾರ್ಜಿನ್ ಎಳೆದೆ. ಮೊದಲ ಎರಡು ದಿನ ಬರೆದದ್ದು ನಿಜವಾಗಿಯೂ ಹಗುರವಾಗಿತ್ತು. ಹುಣಸೆಮರದಲ್ಲಿ ಎರಡು ಅಳಿಲು. ಡೈರಿಗೆ ಹಾಲು ಹಾಕಲು ಹೋಗುವ ಹೆಂಗಸರು ಕ್ಯಾನಿನ ಮುಚ್ಚಳದ ಮೇಲೆ ಮಾಸ್ಕು ಇಟ್ಟುಕೊಂಡು ಹೋಗಿ, ಡೈರಿ ಬಂದಾಗ ಹಾಕಿಕೊಳ್ಳುವುದು. ಎದುರುಮನೆಯ ತಾತ ತಾನೇ ತನ್ನ ಮೀಸೆ ಕತ್ತರಿಸಿಕೊಳ್ಳುತ್ತ ಒಂದು ಕಡೆ ಹೆಚ್ಚು ತೆಗೆದು, ಸರಿಮಾಡಲು ಹೋಗಿ ಇನ್ನೊಂದು ಕಡೆಯೂ ತೆಗೆದು, ಕೊನೆಗೆ ಮೀಸೆಯೇ ಇಲ್ಲದೆ ಎದ್ದು ಹೋದದ್ದು.

ಜ್ವರ ಬಂದ ಏಳನೆಯ ದಿನ ಬರೆದೆ: "ಇವತ್ತು ಒಗ್ಗರಣೆ ಇಲ್ಲ."

ನನಗೆ ವಾಸನೆ ಹೋಗಿರಲಿಲ್ಲ. ಪಕ್ಕದ ಮನೆಯವರ ಸೀಗೆಪುಡಿಯ ವಾಸನೆಯೂ ಬರುತ್ತಿತ್ತು. ಆದರೆ ನಮ್ಮ ಅಡುಗೆಮನೆಯಿಂದ ಏನೂ ಇಲ್ಲ. ಬಂದ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಸಾರಿನ ಮೇಲೆ ಒಂದು ಸಾಸಿವೆ ಕಾಳಿಲ್ಲ, ಒಂದು ಬೆಳ್ಳುಳ್ಳಿ ಎಸಳಿಲ್ಲ. ಮಾರನೆಯ ದಿನವೂ ಹಾಗೆಯೇ. ಬೇಳೆ ಬೇಯಿಸಿ ಉಪ್ಪು ಖಾರ ಹಾಕಿ ಇಳಿಸಿದ್ದು.

ಸಾವಾದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ತಿಥಿ ಮುಗಿಯುವವರೆಗೆ ಬಾಣಲೆ ಒಲೆಗೆ ಏರುವುದಿಲ್ಲ. ಇದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿಂದ ಮುಂದೆ ನಾನು ಹುಡುಕಿ ಹುಡುಕಿ ನೋಡತೊಡಗಿದೆ. ನೋಡಿದ್ದೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿತ್ತು. ಸಂಜೆಯ ಊದುಬತ್ತಿ ನಿಂತಿತ್ತು. ಸೋಮವಾರದ ಸಾಂಬ್ರಾಣಿ ಹೊಗೆಯೂ ಇಲ್ಲ. ನನ್ನ ವಾರಗಿತ್ತಿ ಮಂಜುಳ, ಅಂದರೆ ಇವರ ತಮ್ಮನ ಹೆಂಡತಿ, ಹಿಂದಿನ ದಿನದ ಬಾಡಿದ ಮಲ್ಲಿಗೆಯನ್ನಾದರೂ ಮುಡಿಯದೆ ಬಾಗಿಲಿಗೆ ಬರುವವಳಲ್ಲ. ಮುಖಕ್ಕೆ ಪೌಡರು ಬಳಿದುಕೊಂಡರೆ ಮೂರು ಮನೆಗೆ ಗೊತ್ತಾಗಬೇಕು. ಈಗ ಮುಡಿಯಲ್ಲಿ ಹೂವಿಲ್ಲ, ಮುಖದಲ್ಲಿ ಪೌಡರಿಲ್ಲ. ಬಾಗಿಲ ಮುಂದೆ ರಂಗೋಲಿ ಇಲ್ಲ, ಬರೀ ನೀರು ಚೆಲ್ಲಿ ಹೋಗುತ್ತಿದ್ದಳು. ಅವಳ ಪಾದದ ಅಂಚಿನಲ್ಲಿ ಏನೋ ಬಿಳಿ ಪುಡಿ.

"ಮಂಜೂ, ಹೂವು ಸಿಗಲ್ವಾ ಈಗ?" ಎಂದು ಕಿಟಕಿಯಿಂದ ಕೇಳಿದೆ.

ಅವಳು ಬೆಚ್ಚಿ ತಲೆ ಮುಟ್ಟಿಕೊಂಡಳು. "ಹೂವಾ? ಯಾರಿಗ್ ಬೇಕಕ್ಕ ಈಗ" ಎಂದು ಬೇಗ ಬೇಗ ಒಳಗೆ ಹೋದಳು.

ಬರೆದುಕೊಂಡೆ.

ಒಂದು ದಿನ ಬೆಸಗರಹಳ್ಳಿ ಕಡೆಯ ನೆಂಟರೊಬ್ಬರು ಬೈಕಿನಲ್ಲಿ ಬಂದರು. ಅತ್ತೆ ಅವರನ್ನು ಗೇಟಿನಲ್ಲೇ ನಿಲ್ಲಿಸಿಕೊಂಡರು. ಒಂದು ಲೋಟ ನೀರು ಕೊಡಲಿಲ್ಲ. ತಗ್ಗಿದ ದನಿಯಲ್ಲಿ ನಾಲ್ಕು ಮಾತು. ಆ ಮನುಷ್ಯ ಹೋಗುವಾಗ "ಬತ್ತೀನಿ" ಎನ್ನದೆ ಸುಮ್ಮನೆ ಗಾಡಿ ತಿರುಗಿಸಿದರು. ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಎನ್ನುವಂತಿಲ್ಲ. ಅದನ್ನೂ ಬರೆದೆ. ಮಾಸ್ಕಿನೊಳಗೆ ಹೇಳಿದ್ದು ನನಗೆ ಕೇಳಿಸದೆ ಇರಬಹುದು ಎಂದು ಹೊಳೆಯಲೇ ಇಲ್ಲ.

ಒಗ್ಗರಣೆ ನಿಂತ ಮೂರನೆಯ ದಿನ ಅತ್ತೆ ಕೇಳದೆಯೇ ಒಂದು ಲೋಟ ಹಾಲು ತಂದಿಟ್ಟರು, ಮೇಲೆ ತುಪ್ಪದ ಕಣ್ಣು ತೇಲುತ್ತಿತ್ತು. ಸತ್ತವರಿಗೆ ಮೂರನೆಯ ದಿನ ಬಿಡುವುದು ಹಾಲು ತುಪ್ಪ. ನಾನು ಲೋಟವನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ.

"ಕುಡಿಯವ್ವ, ಸಕ್ತಿ ಬತ್ತದೆ" ಎಂದರು ಅತ್ತೆ. ಆಮೇಲೆ ಅತ್ತಿತ್ತ ನೋಡಿ, "ಸೈಲಾ, ತಲೆಗೆ ನೀರಾಕ್ಕಳಾದು ಯಾವತ್ತು ಬತ್ತದವ್ವ ಈ ತಿಂಗ್ಳು?" ಎಂದರು.

ತಿಂಗಳ ಮುಟ್ಟಿನ ಲೆಕ್ಕ ಅತ್ತೆಗೆ ಯಾಕೆ? ಸೂತಕದ ಸ್ನಾನಕ್ಕೆ ದಿನ ಹೊಂದಿಸುತ್ತಿದ್ದಾರೆ ಎಂದುಕೊಂಡೆ.

ಯಜಮಾನರು ದಿನವೂ ಫೋನು ಮಾಡುತ್ತಿದ್ದರು. ಆ ವಾರ ಗಾಳಿಮಳೆಗೆ ಮಳವಳ್ಳಿ ಕಡೆ ಕಂಬಗಳು ಉರುಳಿದ್ದವು. ಅವರ ಮಾತಿನ ಹಿಂದೆ ಯಾವಾಗಲೂ ಯಾರೋ "ಲೇ, ಲೈನ್ ಆಫಾಗೈತೇನ್ಲಾ, ನೋಡ್ಲಾ" ಎಂದು ಕೂಗುತ್ತಿದ್ದರು. "ಮನೇಲಿ ಏನೋ ಮುಚ್ಚಿಡ್ತಿದ್ದಾರೆ ಕಣ್ರೀ" ಎಂದೆ ಒಮ್ಮೆ. ಆ ಕಡೆ ಮೌನ. "ಮುಚ್ಚಿಡೋದು ಏನಿದೆ ಶೈಲಾ? ಸುಮ್ನೆ ರೆಸ್ಟ್ ತಗೋ" ಎಂದರು. ಕಂಬದ ಕೆಳಗೆ ನಿಂತು ಎರಡು ಮಾತು ಆಡುವವರು ಅಷ್ಟು ಹೊತ್ತು ಯೋಚಿಸಿದರೆಂದರೆ? ಇವರಿಗೂ ಗೊತ್ತಿದೆ.

ಇಷ್ಟೆಲ್ಲ ಆದರೂ ನನ್ನ ತಲೆಯೊಳಗೆ ಒಂದು ಮೂಲೆ ಇನ್ನೂ ವಿವೇಕದಲ್ಲಿತ್ತು, ಇದೆಲ್ಲ ಕಾಕತಾಳೀಯ ಇರಬಹುದು ಎನ್ನುತ್ತಿತ್ತು. ಅದನ್ನು ಕೆಡಿಸಿದ್ದು ಮಳೆ.

ಒಂದು ಮಧ್ಯಾಹ್ನ ಮಂಚದ ಮೇಲೆ ಮಲಗಿದ್ದೆ. ಗೋಡೆಯ ಆಚೆಯಿಂದ ಜಿನುಗು ಮಳೆಯ ಸದ್ದು ಕೇಳಿಸಿತು. ಎಲೆಗಳ ಮೇಲೆ ಹನಿ ಬೀಳುವ ಹಾಗೆ, ಒಂದೇ ಸಮ, ಬಿಡುವಿಲ್ಲದೆ. ಎದ್ದು ಕಿಟಕಿಗೆ ಹೋದೆ. ಬೀದಿಯಲ್ಲಿ ಸುಡುವ ಬಿಸಿಲು. ಎದುರುಮನೆಯವರು ಹರವಿದ್ದ ರಾಗಿಯನ್ನು ಕಾಲಿನಿಂದ ಕೆದರುತ್ತಿದ್ದರು. ಮತ್ತೆ ಬಂದು ಮಲಗಿದೆ. ಮತ್ತೆ ಮಳೆ.

ಸಂಜೆ ತಟ್ಟೆ ತಂದ ಅತ್ತೆಯನ್ನು ಕೇಳಿದೆ: "ಅತ್ತೆ, ಮಧ್ಯಾಹ್ನ ಮಳೆ ಬಂತಾ?"

ಅತ್ತೆಯ ಕೈ ತಟ್ಟೆಯ ಮೇಲೆಯೇ ನಿಂತಿತು. ನನ್ನ ಮುಖ ನೋಡಿದರು, ಹಿಂದೆ ಬಾಗಿಲಿನ ಕಡೆ ನೋಡಿದರು. "ಊಂ ಕಣವ್ವ, ಇತ್ತಿಲಲ್ಲಿ ಎರಡು ಅನಿ ಉದುರ್ತು" ಎಂದರು.

ಮನೆಯ ಮುಂದೆ ಬಿಸಿಲು, ಹಿತ್ತಿಲಿನಲ್ಲಿ ಮಳೆ! ನನಗೆ ಬುದ್ಧಿ ಕೆಟ್ಟಿರಬೇಕು, ಇಲ್ಲವೇ ಇವರು ನನಗೆ ಸುಳ್ಳು ಹೇಳುತ್ತಿರಬೇಕು. ಮೂರನೆಯ ದಾರಿ ಕಾಣಲಿಲ್ಲ. ಆ ವಾರ ನಾನು ಎಷ್ಟು ಸಲ ನನ್ನ ಮಗ್ಗಿ ನಾನೇ ಒಪ್ಪಿಸಿಕೊಂಡೆನೋ ಲೆಕ್ಕವಿಲ್ಲ. ಹದಿನೇಳರ ಮಗ್ಗಿ ಸರಿಯಾಗಿ ಬಂದರೆ ಬುದ್ಧಿ ನೆಟ್ಟಗಿದೆ ಎಂದು ಸಮಾಧಾನ. ಬುದ್ಧಿ ನೆಟ್ಟಗಿದೆ ಎಂದರೆ ಅವರು ಹೇಳುತ್ತಿರುವುದು ಸುಳ್ಳು. ಸುಳ್ಳು ಎಂದರೆ ಅಮ್ಮ ಇಲ್ಲ. ಹೀಗೆ ಮಗ್ಗಿ ಸರಿಬಂದಷ್ಟೂ ಅಳು ಬರುತ್ತಿತ್ತು. ಊಟ ಸೇರುತ್ತಿರಲಿಲ್ಲ, ಸ್ನಾನ ಬೇಡವೆನಿಸುತ್ತಿತ್ತು, ರವಿಯ ಫೋನು ಬಂದರೆ ತೆಗೆಯುತ್ತಲೇ ಇರಲಿಲ್ಲ. ಜಿಲ್ಲಾ ಕೇಂದ್ರದ ಹುಡುಗಿ ಮತ್ತೆ ಕೇಳಿದಳು, "ಬರೀತಿದ್ದೀರಾ ಮೇಡಂ?" "ದಿನಾ ಬರೀತಿದ್ದೀನಿ" ಎಂದೆ. "ವೆರಿ ಗುಡ್" ಎಂದಳು. ಶಾಲೆಯಲ್ಲಿ ಆ ಎರಡು ಪದಕ್ಕೆ ಎಷ್ಟು ಹಿಗ್ಗುತ್ತಿದ್ದೆ.

ಕಾಯಿಲೆಯ ಹದಿನೇಳನೆಯ ದಿನ ಆಶಾ ಕಾರ್ಯಕರ್ತೆ ಬಂದು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ, "ತೊಂಬತ್ತೆಂಟು ಅದೆ. ದಿನ ಮುಗೀತು ಕಣಕ್ಕ, ಇನ್ನು ಮನೆಯೊಳಗೆ ಓಡಾಡ್ಕೊಂಡಿರಿ" ಎಂದಳು. ನಾನು ಬಟ್ಟೆ ಮಡಚತೊಡಗಿದೆ. ಅಷ್ಟರಲ್ಲಿ ಅತ್ತೆ ಬಂದರು.

"ಇನ್ನೊಂದ್ ವಾರ ಅಲ್ಲೇ ಇರ್ಲಿ ಬುಡವ್ವ."

"ಮುಗೀತಲ್ಲ ಚಿಕ್ಕತಾಯಮ್ಮೋರೇ, ಅವರಿಂದ ಏನೂ ಅಂಟಲ್ಲ ಈಗ" ಎಂದಳು ಆಕೆ.

"ಅಂಟ್ದೇ ಇದ್ರೂ ಇರ್ಲಿ. ನಂಗೊತ್ತು ನಮ್ಮನೆ ಇಸ್ಯ. ನೀ ಓಗು."

ಮಂಚದ ಮೇಲೆ ಕೂತು ಮಾರ್ಜಿನ್ನಿನಲ್ಲಿ ಹಾಕಿಟ್ಟ ದಿನಗಳನ್ನು ಎಣಿಸಿದೆ. ಒಗ್ಗರಣೆ ನಿಂತು ಅಂದಿಗೆ ಹನ್ನೊಂದು. ತಿಥಿಯ ದಿನ. ಒಳಗೆ ಎಡೆ ಇಡುತ್ತಾರೆ, ನೆಂಟರಿಷ್ಟರು ಬರುತ್ತಾರೆ, ಅದಕ್ಕೇ ನನ್ನನ್ನು ಹೊರಗೆ ಬಿಡುತ್ತಿಲ್ಲ. ಆ ದಿನ ಗೋಡೆಯಾಚೆಯ ಮಳೆಯ ಸದ್ದೂ ನಿಂತುಹೋಗಿತ್ತು. ಇಡೀ ಮನೆ ಉಸಿರು ಹಿಡಿದಂತಿತ್ತು.

ಅಮ್ಮನಿಗೆ ನಾನೂ ಮಗಳೇ ಅಲ್ಲವೇ? ಮಧ್ಯಾಹ್ನ ತಟ್ಟೆ ಬಂದಾಗ ಅನ್ನಕ್ಕೆ ಮೊಸರು ಕಲಸಿದೆ. ಒಂದು ಚೂರು ಬೆಲ್ಲ ಇತ್ತು, ಇಟ್ಟೆ. ತಟ್ಟೆಯ ಮುಚ್ಚಳದಲ್ಲಿ ಬಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಲೋಟದ ನೀರು ಸುತ್ತುಗಟ್ಟಿ, ಕೈಮುಗಿದು ಹಿಂದೆ ಸರಿದೆ. ಕಾಗೆ ಕಾದಿತ್ತೇನೋ ಎನ್ನುವಂತೆ ಬಂತು. ಒಂದು ಸಲ ಕತ್ತು ಓರೆ ಮಾಡಿ ನೋಡಿ ಬಾಯಿ ಹಾಕಿಯೇಬಿಟ್ಟಿತು. ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಕೂಡಲೇ ಮುಟ್ಟಿತಲ್ಲ ಎಂದು ನನಗೆ ಸಂಕಟವಾಯಿತು. ಅಮ್ಮನಿಗೆ ನನ್ನನ್ನು ನೋಡುವ ಆಸೆಯೂ ಇರಲಿಲ್ಲವೇ?

"ಕಾಗೆಗ್ಯಾಕವ್ವ ಅನ್ನ ಆಕ್ದೆ? ನೀನುಣ್ಣೋದು ಬುಟ್ಟು?" ಅತ್ತೆ ಜಗಲಿಯ ಪಕ್ಕದಲ್ಲೇ ನಿಂತಿದ್ದರು.

"ಇವತ್ತು ಹನ್ನೊಂದನೇ ದಿನ ಅಲ್ವಾ ಅತ್ತೆ."

"ಯಾತರ ಅನ್ನೊಂದು?"

"ನಮ್ಮಮ್ಮಂದು."

ಅತ್ತೆ ಹಾಗೆಯೇ ಜಗಲಿಯ ಮೇಲೆ ಕುಸಿದರು. ಬಾಯಿಗೆ ಸೆರಗು ಹೋಯಿತು. "ಸಿವಸಿವಾ, ನಿಮ್ಮವ್ವ ಬದುಕವ್ರೆ ಕಣ್ಮಗಾ! ನೆನ್ನೆ ರವಿ ಫೋನ್ ಮಾಡಿದ್ನಲ್ಲ, ಮೂಗಿಗಾಕಿದ್ ಪೈಪೂ ತಗುದ್ರಂತೆ. ನೀನು ಫೋನೇ ಎತ್ತಲ್ಲ ಅಂತ ನನ್ ಕೈಲಿ ಯೋಳ್ದ. ಯಾರವ್ವ ಅಂಗಂದೋರು ನಿಂಗೆ?"

"ಸುಳ್ಳು ಹೇಳಬೇಡಿ ಅತ್ತೆ. ಎಲ್ಲಾ ಬರೆದಿಟ್ಟಿದ್ದೀನಿ."

ನೋಟ್‌ಬುಕ್ಕು ತೆಗೆದು ಓದಿದೆ. ತರಗತಿಯಲ್ಲಿ ಎದ್ದು ನಿಂತು ಪಾಠ ಓದುವ ಹಾಗೆ, ದಿನ ಹೇಳಿ, ಹೊತ್ತು ಹೇಳಿ. ಒಗ್ಗರಣೆ ಇಲ್ಲ. ಊದುಬತ್ತಿ ಇಲ್ಲ. ಮಂಜುಳ ಹೂವು ಮುಡಿದಿಲ್ಲ. ನೆಂಟರಿಗೆ ನೀರು ಕೊಡಲಿಲ್ಲ. ಹಾಲು ತುಪ್ಪ. ಬಿಸಿಲಿನಲ್ಲಿ ಮಳೆ. ಸದ್ದು ಕೇಳಿ ಮಂಜುಳ ಬಂದು ಕಂಬ ಹಿಡಿದು ನಿಂತಳು. ಅರ್ಧದಲ್ಲಿ ಅತ್ತೆಗೆ ನಗು ಬಂತು. ಮಳೆಯ ವಿಷಯಕ್ಕೆ ಬರುವ ಹೊತ್ತಿಗೆ ನಗು ನಿಂತು ಕಣ್ಣು ತುಂಬಿತ್ತು.

"ಮಂಜೀ, ನಡುಮನೆ ಚಿಲ್ಕ ತೆಗೀ" ಎಂದರು.

"ಅತ್ತೆ, ಹುಳ..."

"ತೆಗಿಯಮ್ಮಿ ಅಂದೆ. ಓದ್ರೆ ಓಯ್ತವೆ."

ಹೊಸ್ತಿಲಿನಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿದ ಗೋಣಿತಾಟು. ಅದರ ಮೇಲೆ ಕಾಲಿಡಿಸಿ, ಕೈ ತೊಳೆಸಿ, ಮಂಜುಳಳ ಹಳೆಯ ಸೀರೆ ಉಡಿಸಿ ನನ್ನನ್ನು ಒಳಗೆ ಕರೆದುಕೊಂಡು ಹೋದರು. ನಡುಮನೆಯೇ ಮಾಯವಾಗಿತ್ತು. ದೇವರ ಪಟಗಳಿಗೆ ಪಂಚೆ ಹೊದಿಸಿದ್ದರು. ಗೋಡೆಯಿಂದ ಗೋಡೆಗೆ ಬಿದಿರಿನ ಅಟ್ಟಣಿಗೆ, ಸೊಳ್ಳೆಪರದೆಯ ಬಟ್ಟೆ, ಅಂತಸ್ತಿನ ಮೇಲೆ ಅಂತಸ್ತು ಹಿಪ್ಪುನೇರಳೆಯ ಕಡ್ಡಿ. ಕಡ್ಡಿಗಳ ಮೇಲೆ ಸಾವಿರ ಸಾವಿರ ಬಿಳಿ ಹುಳುಗಳು, ಎಲ್ಲವೂ ತಲೆ ಎತ್ತಿಕೊಂಡು ಕಲ್ಲಿನಂತೆ ನಿಂತಿದ್ದವು.

ರೇಷ್ಮೆ ಹುಳು ಇಟ್ಟ ಮನೆಯಲ್ಲಿ ಒಗ್ಗರಣೆಯ ಘಾಟು ಆಗದು, ಹೊಗೆ ಆಗದು, ಹೂವಿನ ಗಮ, ಪೌಡರಿನ ವಾಸನೆ ಯಾವುದೂ ಆಗದು. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಮುಟ್ಟಾದವರು ಹತ್ತಿರ ಸುಳಿಯಬಾರದು ಎಂದು ಹಿರಿಯರ ನೇಮ. ಹುಳು ಇಟ್ಟಿದ್ದೇವೆ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ, ದೃಷ್ಟಿಯಾಗುತ್ತದೆ. ಮಂಡ್ಯದ ಪೇಟೆಯಲ್ಲಿ ಬೆಳೆದು, ಮದ್ದೂರಿನಲ್ಲಿ ಸಂಸಾರ ಹೂಡಿ, ಈ ಊರಿಗೆ ಹಬ್ಬಕ್ಕೆ ಮಾತ್ರ ಬಂದುಹೋಗುತ್ತಿದ್ದ ನನಗೆ ಸೂತಕದ ಮನೆಯ ಗುರುತುಗಳೆಲ್ಲ ಗೊತ್ತಿದ್ದವು. ಹುಳುವಿನ ಮನೆಯ ಗುರುತು ಒಂದೂ ಗೊತ್ತಿರಲಿಲ್ಲ.

"ಸದ್ದು?" ಎಂದೆ. ನನಗೆ ಅದೊಂದು ಬೇಕಿತ್ತು. "ಮಳೆ ಸದ್ದು ಬರ್ತಿತ್ತಲ್ಲ?"

"ಸೊಪ್ಪು ತಿನ್ನೋ ಸದ್ದು ಅಕ್ಕ" ಎಂದಳು ಮಂಜುಳ. "ಈಗ ನಾಲ್ಕನೇ ಜ್ವರಕ್ಕೆ ಹೋಗಿವೆ, ಪೊರೆ ಬಿಡೋವರ್ಗೂ ತಿನ್ನಲ್ಲ. ಆ ಹೊತ್ನಲ್ಲಿ ಅವನ್ನ ಅಲುಗಾಡಿಸ್ಬಾರ್ದು. ನಾಳೆ ಏಳ್ತವೆ, ಆಗ ಕೇಳಿಸ್ಕೊಳ್ಳಿ."

ನನಗೆ ಸಮಾಧಾನದ ಬದಲು ಸಿಟ್ಟು ಬಂತು. "ನನ್ನ ಹತ್ರ ಯಾಕೆ ಮುಚ್ಚಿಟ್ರಿ?"

ಅತ್ತೆ ಗೋಡೆ ನೋಡಿದರು. "ನಿನ್ ಗಂಡನೇ ಫೋನ್ ಮಾಡಿ ಅಂದಿದ್ದ, ಮನೇಲಿ ಕಾಯಿಲೆಯೋಳು ಅವ್ಳೆ, ಈ ಸಲ ಉಳ ಗಿಳ ಇಡ್ಬ್ಯಾಡ ಅವ್ವ ಅಂತ. ಚಾಕಿ ಮನೇಲಿ ಮರಿ ಉಳಕ್ಕೆ ಮೊದ್ಲೇ ಯೋಳ್ಬುಟ್ಟಿದ್ದೆ. ತೋಟದಾಗೆ ಸೊಪ್ಪು ನಿಂತದೆ, ಬುಡಕ್ಕಾದದಾ? ನಿಂಗೆ ಯೋಳುದ್ರೆ ಅವ್ನಿಗೆ ಯೋಳ್ತೀಯ. ಅದ್ಕೇ ಸುಮ್ಕಿದ್ದೆ." ಆಮೇಲೆ ಅವರಿಗೂ ರೇಗಿತು. "ಅಲ್ಲಾ, ಬಾಯ್ಬುಟ್ಟು ಒಂದ್ ಮಾತು ಕೇಳ್ಬಾರ್ದಾ? ಆ ಕಾನ್ವೆಂಟ್ನಲ್ಲಿ ಬಾಯಿ ಒಲ್ದು ಕಳ್ಸಿದ್ರಾ ನಿಂಗೆ?"

"ಮಳೆ ಬಂತಾ ಅಂತ ಕೇಳಿದ್ನಲ್ಲ ಅತ್ತೆ. ಬಂತು ಅಂದ್ರಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. "ತಪ್ಪಾಯ್ತು ಕಣವ್ವ" ಎಂದರು ಕೊನೆಗೆ.

ಹುಳು ಕಣ್ಣೆದುರಿಗೇ ಇದ್ದವು. ಸುಣ್ಣ, ಹೂವು, ಒಗ್ಗರಣೆ ಎಲ್ಲಕ್ಕೂ ಉತ್ತರ ಸಿಕ್ಕಿತ್ತು. ಆದರೆ ಅಮ್ಮ ಎಲ್ಲಿ? ಹುಳು ನಿಜವಾದ ಮಾತ್ರಕ್ಕೆ ಅಮ್ಮ ಬದುಕಿದ್ದಾರೆ ಎಂದು ಯಾರು ಹೇಳಬೇಕು? ನನ್ನ ಮುಖ ಓದಿದರೇನೋ, ಅತ್ತೆ ನನ್ನ ಫೋನು ಕಿತ್ತುಕೊಂಡು ರವಿಗೆ ಹಚ್ಚಿಸಿದರು.

"ಏ ರವಿ, ನಿಮ್ಮವ್ವನ ಕೈಗೆ ಕೊಡ್ಲಾ ಫೋನ್ನ."

ಸಣ್ಣದಾಗಿ ಕೆಮ್ಮಿ, "ಅಮ್ಮ ಮಲಗಿದ್ದಾರೆ ಅತ್ತೆ..." ಎಂದ.

"ಎಬ್ಬುಸ್ಲಾ! ಇಲ್ಲಿ ನಿಮ್ಮಕ್ಕ ತಲೆ ಕೆಟ್ಟು ಕೂತವ್ಳೆ."

ಆಗ ನಿಜ ಹೊರಬಿತ್ತು. ಆಸ್ಪತ್ರೆ ಸೇರಿದ ಮಾರನೆಯ ದಿನವೇ ಅಮ್ಮ ತಮ್ಮ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಟ್ಟು, ಹಾಸಿಗೆ ಬದಲಾಯಿಸುವಾಗ ಕಳೆದುಕೊಂಡಿದ್ದರು. ಹಲ್ಲಿಲ್ಲದ ಮುಖ ಮಗಳಿಗೂ ತೋರಿಸುವುದಿಲ್ಲ, ಹಲ್ಲಿಲ್ಲದ ಮಾತು ಯಾರಿಗೂ ಕೇಳಿಸುವುದಿಲ್ಲ ಎಂದು ಹಠ ಹಿಡಿದಿದ್ದರು. ಮಲಗಿದ್ದಾರೆ ಅನ್ನು ಎಂದು ಅವರೇ ಹೇಳಿಕೊಟ್ಟಿದ್ದು.

"ಅಲ್ಲು ಓದ್ರೆ ಓಗ್ಲಿ, ಬಾಯಿ ಅದಲ್ಲ! ಕೊಡು ಫೋನ್ನ" ಎಂದು ಅತ್ತೆ ಗದರಿದರು.

ಸರಬರ ಸದ್ದು. ಆಮೇಲೆ ಒಂದು ಮುದುಕಿಯ ದನಿ, ಗಾಳಿ ತುಂಬಿದ, ತುಟಿ ಸವರುವ ದನಿ: "ಛೈಲೂ..."

ನನ್ನ ಅಮ್ಮನ ದನಿ ಅಲ್ಲ ಅದು. ಯಾರನ್ನೋ ಹಿಡಿದು ಮಾತಾಡಿಸುತ್ತಿದ್ದಾರೆ. ಪಕ್ಕದ ಹಾಸಿಗೆಯ ಯಾವುದೋ ಅಜ್ಜಿ ಇರಬೇಕು.

"ನಮ್ಮಮ್ಮ ನನ್ನ ಜಡೆಗೆ ಯಾವ ಬಣ್ಣದ ಟೇಪು ಕಟ್ತಿದ್ರು? ಹೇಳಿ" ಎಂದೆ.

ಆ ಕಡೆಯಿಂದ ಉತ್ತರ ಬಂತು, ಹಲ್ಲಿಲ್ಲದಿದ್ದರೂ ಎಲ್ಲ ಹರಿತದೊಂದಿಗೆ: "ಏನೇ, ನನಗೇ ಪರೀಕ್ಷೆ ಮಾಡ್ತೀಯಾ? ಛಾಲೇಲಿ ಬಿಳಿ ಟೇಪು ಕಡ್ಡಾಯ, ನೀನು ಮಣ್ಣಿಗೆ ಹಾಕಿ ಹಾಕಿ ತರ್ತಿದ್ದೆ, ಉಜ್ಜಿ ಉಜ್ಜಿ ನನ್ನ ಉಗುರು ಛವೀತು. ಇದನ್ನ ಕೇಳೋಕ್ಕೆ ಎಬ್ಬಿಛಿದ್ಯಾ?"

ನಾನು ಹುಳುವಿನ ಅಟ್ಟಣಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಸದ್ದು ಮಾಡದೆ ಅಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಹುಳು ಅಲುಗಾಡಲಿಲ್ಲ.

ಮಾರನೆಯ ದಿನ ಹುಳು ಜ್ವರ ಬಿಟ್ಟು ಎದ್ದವು. ಅತ್ತೆ ನನ್ನನ್ನು ಮತ್ತೆ ಆ ಕೋಣೆಗೆ ಕಳಿಸಲಿಲ್ಲ, ಕೈಗೆ ಕಡ್ಡಿಸೊಪ್ಪು ಕೊಟ್ಟರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಾಸಿದಷ್ಟೂ ತಿಂದವು. ಕೈಕೆಲಸ ಮುಗಿದ ಮೇಲೂ ನಾನು ಗೋಡೆಗೆ ಒರಗಿ ಕೂತು ಆ ಮಳೆ ಕೇಳುತ್ತಿದ್ದೆ. ಒಂದು ವಾರಕ್ಕೆ ಮೈ ಹಳದಿ ತಿರುಗಿ ಹಣ್ಣಾದವು. ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವಾಗ ಅವು ಬೆರಳಿನ ಮೇಲೆ ತಣ್ಣಗೆ ಹರಿಯುತ್ತಿದ್ದವು. ಊಟ ಸೇರಿತು, ನಿದ್ದೆ ಬಂತು. ಗೂಡು ಬಿಡಿಸುವ ದಿನ ಹೇಳದೆ ಕೇಳದೆ ಬಂದ ಯಜಮಾನರು ಬಾಗಿಲಿನಲ್ಲೇ ನಿಂತು ತಾಯಿಯ ಮೇಲೆ ಕೂಗಾಡಿದರು. ಅತ್ತೆ ತಲೆಯೆತ್ತದೆ ಗೂಡು ಬಿಡಿಸುತ್ತ, "ಕೂತ್ಕಂಡು ನೀನೂ ನಾಕು ಬುಡ್ಸು" ಎಂದರು. ಆ ಸಂಜೆ ಮಂಜುಳ ಬಾಣಲೆ ಇಟ್ಟಳು. ಬೇಕಂತಲೇ ಎರಡು ಮೆಣಸಿನಕಾಯಿ ಹೆಚ್ಚು ಹಾಕಿದಳು. ಎಲ್ಲರೂ ಕೆಮ್ಮಿದೆವು.

ಎಡೆ ಇಟ್ಟ ವಿಷಯ ನಿಮ್ಮವ್ವನ ಕಿವಿಗೆ ಬೀಳಬಾರದು ಎಂದು ಅತ್ತೆ ಆಣೆ ಹಾಕಿಸಿಕೊಂಡಿದ್ದರು. ವರ್ಷ ಕಳೆದ ಮೇಲೆ ನಾನೇ ತಡೆಯಲಾರದೆ ಅಮ್ಮನಿಗೆ ಹೇಳಿದೆ. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದ ಅಮ್ಮ ಪೂರ್ತಿ ಕೇಳಿಸಿಕೊಂಡು, "ಎಡೆಗೆ ಬರೀ ಮೊಸರನ್ನ ಇಟ್ಯಾ? ಒಂದು ವಡೆನೂ ಮಾಡಿಸ್ಲಿಲ್ವಾ?" ಎಂದರು.

ನಕ್ಕೆವು. ಆದರೆ ಒಂದನ್ನು ಮಾತ್ರ ಅವರಿಗೂ ಪೂರ್ತಿ ಹೇಳಿಲ್ಲ. ಆ ದಿನ ಫೋನು ಇಟ್ಟ ಹತ್ತು ನಿಮಿಷಕ್ಕೆ ನನಗೆ ಮತ್ತೆ ಅನುಮಾನ ಹತ್ತಿತ್ತು. ಟೇಪಿನ ಬಣ್ಣವನ್ನು ರವಿಯೇ ಪಿಸುಗುಟ್ಟಿರಬಹುದಲ್ಲ ಎಂದು ಇನ್ನೊಮ್ಮೆ ಮಾಡಿದೆ. ಸಂಜೆ ಇನ್ನೊಮ್ಮೆ. ಮಾರನೆಯ ಬೆಳಿಗ್ಗೆ ಇನ್ನೊಮ್ಮೆ. ಅಮ್ಮ ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ಕಾರಣವಿಲ್ಲದೆ ಮಾಡುತ್ತೇನೆ, ಊಟ ಆಯಿತಾ ಎನ್ನುತ್ತೇನೆ, ಇಡುತ್ತೇನೆ. ಅಮ್ಮ ಯಾಕೆ ಎಂದು ಕೇಳುವುದನ್ನು ಬಿಟ್ಟು ಬಹಳ ದಿನವಾಯಿತು. ಇವತ್ತು ಬೆಳಿಗ್ಗೆಯೂ ಮಾಡಿದೆ. ಬೇರೆಯವರ ಫೋನಿಗೆ ಅವರು ಹಲೋ ಎನ್ನುತ್ತಾರೆ. ನನ್ನದಕ್ಕೆ ಹಾಗನ್ನುವುದಿಲ್ಲ.

"ಇದ್ದೀನಿ ಕಣೇ" ಎನ್ನುತ್ತಾರೆ.